ಕೆರೆಗೆ ನೀರು ಬಂತು, ಕಪ್ಪೆ ಯಾಕೆ ಬರಲಿಲ್ಲ?

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮೂರ ಕೆರೆ ಎಷ್ಟೋ ವರ್ಷ ಒಣಗಿ ಬಿದ್ದಿತ್ತು. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಿಂದ ಶುದ್ಧ ಮಾಡಿ ಕಳಿಸುವ ಕೊಳಚೆ ನೀರು) ಬಂದ ಮೇಲೆ ವರ್ಷಪೂರ್ತಿ ತುಂಬಿರುತ್ತದೆ. ಆದರೆ ಕೆರೆಯೊಳಗಿದ್ದ ಜಾಲಿ ಮರಗಳು ನಿಂತಲ್ಲೇ ಒಣಗಿವೆ. ಮೀನು ಬೇಕಾದಷ್ಟಿದೆ, ಎಲ್ಲ ಒಂದೇ ಜಾತಿಯವು. ಕೆಲವು ದಿನ ಬೆಳಗ್ಗೆ ನೋಡಿದರೆ ಸತ್ತು ತೇಲುತ್ತಿರುತ್ತವೆ. ಜೈವಿಕ, ಅಜೈವಿಕ ಅಂಶಗಳ ಪಾಠ ಮಾಡುವಾಗ ಒಬ್ಬ ಹುಡುಗ ಕೇಳಿದ: "ಮಿಸ್, ನೀರು ಬಂದ್ರೆ ಎಲ್ಲಾ ಬರುತ್ತೆ ಅಂದ್ರಲ್ಲ, ನಮ್ಮಜ್ಜಿ ಹೇಳೋ ಕಪ್ಪೆಗಳು ಯಾಕೆ ಬರಲಿಲ್ಲ?" ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಮೇಡಂ, ಮೊದಲು ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಭಾಷ್ ಹೇಳಿ. ಪಠ್ಯಪುಸ್ತಕದಲ್ಲಿ ಎರಡು ಪಟ್ಟಿ ಇರುತ್ತದೆ. ಒಂದರಲ್ಲಿ ನೀರು, ಬೆಳಕು, ಬಿಸಿ, ಮಣ್ಣು, ಗಾಳಿ. ಇನ್ನೊಂದರಲ್ಲಿ ಗಿಡ, ಪ್ರಾಣಿ, ಸೂಕ್ಷ್ಮಜೀವಿ. ಮೊದಲನೆಯದು ಸರಿಯಿದ್ದರೆ ಎರಡನೆಯದು ತಾನಾಗೇ ಬರುತ್ತದೆ ಅಂತ ಓದಿದವರಿಗೆ ಅನಿಸುತ್ತದೆ. ಆದರೆ "ನೀರು" ಅನ್ನುವುದು ಒಂದೇ ಅಂಶ ಅಲ್ಲ. ಅದು ಯಾವಾಗ ಬರುತ್ತದೆ, ಎಷ್ಟು ತಿಂಗಳು ನಿಲ್ಲುತ್ತದೆ, ಎಷ್ಟು ಆಳ ಇರುತ್ತದೆ, ಏನನ್ನು ಹೊತ್ತು ತರುತ್ತದೆ, ಯಾವಾಗ ಹೋಗುತ್ತದೆ, ಇವೆಲ್ಲ ಬೇರೆ ಬೇರೆ ಅಂಶಗಳು. ನಿಮ್ಮ ಕೆರೆಗೆ ನೀರು ವಾಪಸ್ ಬಂದಿದೆ. ಒಣಗುವ ಕಾಲ ವಾಪಸ್ ಬಂದಿಲ್ಲ.

ಕೋಲಾರದ ಕೆರೆಗಳು ಎಂಥವು ಅಂತ ಸ್ವಲ್ಪ ನೆನಪಿಸಿಕೊಳ್ಳಿ. ಈ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಪಾಲಾರ್ ಇದ್ದರೂ ಅದು ಮಳೆಗಾಲದ ಮಾತು. ವರ್ಷಕ್ಕೆ ಹೆಚ್ಚುಕಡಿಮೆ 700 ಮಿಲಿಮೀಟರ್ ಮಳೆ, ಅದರಲ್ಲೂ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳದ್ದು. ತೆರೆದ ನೀರಿನಿಂದ ವರ್ಷಕ್ಕೆ ಆವಿಯಾಗಿ ಹೋಗುವುದು ಬೀಳುವ ಮಳೆಗಿಂತ ಜಾಸ್ತಿ. ಹಾಗಾಗಿ ಕೆರೆ ಅಕ್ಟೋಬರ್ ಹೊತ್ತಿಗೆ ತುಂಬಿ, ತೂಬಿನ ನೀರು ಗದ್ದೆಗೆ ಹರಿದು, ಬೇಸಿಗೆಗೆ ತಳ ಕಾಣುತ್ತಿತ್ತು. ಮಳೆ ಕೈಕೊಟ್ಟ ವರ್ಷ ತುಂಬುತ್ತಲೇ ಇರಲಿಲ್ಲ. ಶತಮಾನಗಳಿಂದ ಹೀಗೇ ನಡೆದಿದೆ. ಆ ಕೆರೆಯಲ್ಲಿ ಬದುಕಿದ ಜೀವಿಗಳೆಲ್ಲ ತುಂಬುವುದಕ್ಕೂ ಒಣಗುವುದಕ್ಕೂ ಹೊಂದಿಕೊಂಡವು.

ಈಗ ಅಜ್ಜಿಯ ಕಪ್ಪೆಗೆ ಬರೋಣ. ಬಯಲುಸೀಮೆಯ ಹಲವು ಕಪ್ಪೆಗಳು ಬೇಸಿಗೆಯನ್ನು ಮಣ್ಣಿನೊಳಗೆ ಹುದುಗಿ ಕಳೆಯುತ್ತವೆ. ಮೊದಲ ಜೋರು ಮಳೆ ಬಿದ್ದ ರಾತ್ರಿ ಎದ್ದು ಬರುತ್ತವೆ. ಗೋಂಕರು ಕಪ್ಪೆಯ ಗಂಡು ಆಗ ನಿಂಬೆ ಹಳದಿ ಬಣ್ಣಕ್ಕೆ ತಿರುಗುತ್ತದೆ. ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಆದರೆ ಅವು ಮೊಟ್ಟೆಯಿಡಲು ಹುಡುಕುವುದು ದೊಡ್ಡ, ಆಳದ, ಸದಾ ನಿಂತ ನೀರನ್ನಲ್ಲ. ಮೊನ್ನೆ ಮಳೆಗೆ ಹೊಸದಾಗಿ ನಿಂತ ನೀರು ಬೇಕು. ಅಲ್ಲಿ ಮೀನಿಲ್ಲ, ಕಾರಣ ಅಷ್ಟೇ. ಗೊದಮೊಟ್ಟೆ ಅಂದರೆ ಮೀನಿಗೆ ಸುಲಭದ ಊಟ. ಮೀನಿಲ್ಲದ, ಬಿಸಿಲಿಗೆ ಬೆಚ್ಚಗಾದ, ಪಾಚಿ ಚಿಗುರುತ್ತಿರುವ ತೆಳು ನೀರಿನಲ್ಲಿ ಗೊದಮೊಟ್ಟೆ ಬೇಗ ಬೆಳೆಯುತ್ತದೆ. ಒಂದೆರಡು ತಿಂಗಳೊಳಗೆ ಕಾಲು ಮೂಡಿ ಹೊರಗೆ ಬರುತ್ತದೆ. ನೀರು ಅದಕ್ಕೂ ಮುಂಚೆ ಬತ್ತಿದರೆ ಸತ್ತವು. ತೀರಾ ತಡವಾಗಿ ಬತ್ತಿದರೆ ಶತ್ರುಗಳು ಸೇರಿಕೊಳ್ಳುತ್ತವೆ. ಒಣಗುವುದು ಕಪ್ಪೆಗೆ ಅಪಾಯ ಹೌದು. ಅದೇ ಒಣಗುವಿಕೆ ಮೀನನ್ನು ದೂರ ಇಟ್ಟು ಕಾಪಾಡುವುದೂ ಹೌದು.

ನಿಮ್ಮ ಕೆರೆ ಬತ್ತುವುದೇ ಇಲ್ಲ ಅಂದ ಮೇಲೆ ಅಲ್ಲಿ ಮೀನು ಸದಾ ಇರುತ್ತದೆ. ಅದರ ಮೇಲೆ ಸೊಳ್ಳೆ ಮರಿ ತಿನ್ನಲಿ ಅಂತ ಗಾಂಬೂಸಿಯಾ ಮೀನನ್ನು ಯಾರಾದರೂ ಬಿಟ್ಟಿದ್ದರೆ ಇನ್ನೂ ಕಷ್ಟ. ಅದು ಸೊಳ್ಳೆ ಮರಿಯ ಜೊತೆಗೆ ಕಪ್ಪೆ ಮೊಟ್ಟೆ, ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಇಲ್ಲಿ ಗಮನಿಸಿ: ನೀರು ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಅಜೈವಿಕ ಅಂಶ. ಅದು ಮೀನು ಇರಬೇಕೋ ಬೇಡವೋ ಅಂತ ತೀರ್ಮಾನಿಸುತ್ತದೆ. ಮೀನು ಜೈವಿಕ ಅಂಶ. ಅದು ಕಪ್ಪೆಯನ್ನು ತೀರ್ಮಾನಿಸುತ್ತದೆ. ಎರಡು ಪಟ್ಟಿಯ ನಡುವೆ ಪುಸ್ತಕ ಎಳೆದ ಗೆರೆ ಕೆರೆಯಲ್ಲಿ ಎಲ್ಲೂ ಕಾಣುವುದಿಲ್ಲ.

ಮೀನು ಸಾಯುವ ವಿಚಾರ ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮಕ್ಕಳಿಗೆ ಪಾಠ ಮಾಡಲು ಇದಕ್ಕಿಂತ ಒಳ್ಳೆ ಉದಾಹರಣೆ ಸಿಗದು.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ, ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಕೋಲಾರದ ಕಡೆಗೆ ಪಂಪ್ ಮಾಡುತ್ತಾರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ಅಲ್ಲಿಂದ ನರಸಾಪುರದ ಕಡೆಗೆ, ಕೆರೆಯಿಂದ ಕೆರೆಗೆ ಹರಿಯುತ್ತಾ ಹೋಯಿತು. ಎರಡನೇ ಹಂತದ ಶುದ್ಧೀಕರಣದಲ್ಲಿ ಕೊಳೆಯುವ ಪದಾರ್ಥ ಬಹಳಷ್ಟು ಹೋಗುತ್ತದೆ. ಸಾರಜನಕ, ರಂಜಕ ಮಾತ್ರ ಒಳ್ಳೆ ಪ್ರಮಾಣದಲ್ಲೇ ಉಳಿದುಬಿಡುತ್ತವೆ. ಇವೆರಡೂ ಏನು? ನಾವು ಹೊಲಕ್ಕೆ ದುಡ್ಡು ಕೊಟ್ಟು ಹಾಕುವ ಯೂರಿಯಾ, ಡಿಎಪಿಯಲ್ಲಿ ಇರುವುದೂ ಇವೇ. ಕೆರೆಗೆ ದಿನವೂ ಗೊಬ್ಬರ ಬೀಳುತ್ತಿದೆ ಅಂತ ಆಯಿತಲ್ಲ. ಬಿಸಿಲಿಗೆ ಬರ ಇಲ್ಲ, ಬಿಸಿಗೂ ಬರ ಇಲ್ಲ. ಪಾಚಿ ಹುಲುಸಾಗಿ ಬೆಳೆಯುತ್ತದೆ, ನೀರು ಹಸಿರಾಗುತ್ತದೆ.

ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ ಕೆರೆ ಬಹಳ ಆರೋಗ್ಯವಾಗಿದೆ ಅಂತ ಅನಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಬಿಡುವುದು ನಿಂತುಹೋಗುತ್ತದೆ. ಉಸಿರಾಡುವುದು ಮಾತ್ರ ನಿಲ್ಲುವುದಿಲ್ಲ. ಪಾಚಿ, ಮೀನು, ತಳದಲ್ಲಿ ಸತ್ತದ್ದನ್ನು ಕೊಳೆಸುವ ಬ್ಯಾಕ್ಟೀರಿಯಾ, ಎಲ್ಲವೂ ರಾತ್ರಿಯಿಡೀ ಅದೇ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ನೀರು ಹಿಡಿದುಕೊಳ್ಳುವುದೇ ಸ್ವಲ್ಪ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇದ್ದರೆ, 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗುವುದು 9 ಮಿಲಿಗ್ರಾಂ ಆಸುಪಾಸು. ನೀರು 30 ಡಿಗ್ರಿಗೆ ಏರಿದರೆ ಏಳೂವರೆ. ಕೋಲಾರ 800 ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಇನ್ನೂ ಕೊಂಚ ಕಡಿಮೆ. ರೋಹು, ಕಾಟ್ಲಾ ಮೀನುಗಳು ಚೆನ್ನಾಗಿರಬೇಕಾದರೆ ಹತ್ತಿರ ಹತ್ತಿರ 5 ಮಿಲಿಗ್ರಾಂ ಬೇಕು. ಬೆಳಗಿನ ಜಾವದ ಹೊತ್ತಿಗೆ ಅದು ಎರಡಕ್ಕೆ, ಒಂದಕ್ಕೆ ಇಳಿದರೆ ಮೀನು ಮೇಲೆ ಬಂದು ಬಾಯಿ ತೆರೆದು ಚಡಪಡಿಸುತ್ತವೆ. ಎರಡು ದಿನ ಮೋಡ ಕವಿದಿದ್ದರೆ ಹಗಲಿನ ದುಡಿಮೆಯೂ ಸಾಲದು. ಮೂರನೇ ದಿನ ಬೆಳಗ್ಗೆ ನೀವು ಹೇಳಿದ ದೃಶ್ಯ. "ಯಾರೋ ವಿಷ ಹಾಕಿದಾರೆ" ಅಂತ ಊರಲ್ಲಿ ಗುಲ್ಲು ಏಳುತ್ತದೆ. ವಿಷ ಹಾಕಿದ್ದೂ ಇರಬಹುದು, ಆದರೆ ಸತ್ತದ್ದು ಬೆಳಗಿನ ಜಾವ, ಮೋಡದ ದಿನ, ನೀರು ಹಸಿರು ಅಂತಾದರೆ ಮೊದಲು ಅನುಮಾನ ಪಡಬೇಕಾದ್ದು ಆಮ್ಲಜನಕದ ಮೇಲೆ.

ಇನ್ನೊಂದು ಕಾಣದ ಕೊಂಡಿ ಇದೆ. ಪಾಚಿ ಹಗಲಲ್ಲಿ ನೀರಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ನೀರು ಕ್ಷಾರ ಆಗುತ್ತದೆ, ಪಿಎಚ್ (ಆಮ್ಲ–ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) 9 ದಾಟುವುದೂ ಉಂಟು. ಕೊಳಚೆ ನೀರಿನ ಸಾರಜನಕದಲ್ಲಿ ಒಂದು ಪಾಲು ಅಮೋನಿಯಾ. ಅದಕ್ಕೆ ನೀರಿನಲ್ಲಿ ಎರಡು ರೂಪ. ಒಂದು ಅಷ್ಟೇನೂ ಅಪಾಯವಿಲ್ಲದ್ದು, ಇನ್ನೊಂದು ಕಿವಿರಿಗೆ ವಿಷ. ಪಿಎಚ್ 7 ಇದ್ದಾಗ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ನಮ್ಮ ಬಿಸಿ ನೀರಿನಲ್ಲಿ ಪಿಎಚ್ 9ಕ್ಕೆ ಏರಿದರೆ ಮೂರನೇ ಒಂದು ಪಾಲಿಗೂ ಜಾಸ್ತಿ ಆಗುತ್ತದೆ. ಹೊರಗಿನಿಂದ ಒಂದು ಹನಿ ಅಮೋನಿಯಾ ಹೊಸದಾಗಿ ಬಂದಿರುವುದಿಲ್ಲ. ಪಾಚಿ ಬೆಳೆದದ್ದರಿಂದ ಇದ್ದದ್ದೇ ವಿಷವಾಯಿತು, ಅಷ್ಟೇ. ನಿರ್ಜೀವ ಅಂಶಗಳು ಜೀವಿಗಳನ್ನು ಆಳುತ್ತವೆ ಅಂತ ಪಾಠ ಮಾಡುತ್ತೇವೆ. ಜೀವಿಗಳು ನೀರಿನ ಗುಣವನ್ನೇ ಬದಲಾಯಿಸುವುದನ್ನು ಹೇಳುವುದು ಕಡಿಮೆ.

ಇಂಥ ನೀರಿನಲ್ಲಿ ಯಾರು ಉಳಿಯುತ್ತಾರೆ? ನೀವು ಬರೆದ "ಒಂದೇ ಜಾತಿ" ಜಿಲೇಬಿ ಮೀನೋ (ತಿಲಾಪಿಯಾ) ಆಫ್ರಿಕನ್ ಕ್ಯಾಟ್‌ಫಿಶ್ಶೋ ಆಗಿರಬಹುದು ಅಂತ ನನ್ನ ಊಹೆ. ಕ್ಯಾಟ್‌ಫಿಶ್‌ಗೆ ನೇರವಾಗಿ ಗಾಳಿಯನ್ನು ಉಸಿರಾಡುವ ಅಂಗವಿದೆ, ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೂ ನಡೆಯುತ್ತದೆ. ಅದರ ಸಾಕಣೆಗೆ ನಿಷೇಧವಿದೆ, ಆದರೂ ಕೆರೆಗಳಿಗೆ ಸೇರಿಕೊಂಡಿದೆ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದವಲ್ಲ, ಅಂಥ ಹೊತ್ತಿನಲ್ಲಿ ಒಂದು ಕೆರೆಯ ಮೀನು ಇನ್ನೊಂದಕ್ಕೆ ಹೋಗುವುದು ಬಲು ಸುಲಭ. ಜಿಲೇಬಿ ಮೀನಿನ ಬಲವೇ ಬೇರೆ. ರೋಹು, ಕಾಟ್ಲಾಗಳು ಹರಿಯುವ ನದಿ ನೀರಿನಲ್ಲಿ ಮೊಟ್ಟೆ ಇಡುವಂಥವು. ಕೆರೆಯಲ್ಲಿ ತಾವಾಗಿ ಸಂಸಾರ ಹೂಡುವುದಿಲ್ಲ, ಪ್ರತಿಸಲ ಮರಿ ತಂದು ಬಿಡಬೇಕು. ಜಿಲೇಬಿ ನಿಂತ ನೀರಿನಲ್ಲೇ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಮೊಟ್ಟೆ, ಮರಿಗಳನ್ನು ಬಾಯೊಳಗೆ ಇಟ್ಟು ಕಾಯುತ್ತದೆ. ಮುಂಚೆ ಕೆರೆ ಒಣಗಿದಾಗ ಇವುಗಳ ಲೆಕ್ಕ ಸೊನ್ನೆಗೆ ಬಂದು ನಿಲ್ಲುತ್ತಿತ್ತು. ಈಗ ನಿಲ್ಲಿಸುವವರು ಇಲ್ಲ.

ನಮ್ಮದೇ ಕೊರಮೀನು ಕೂಡ ಗಾಳಿ ಉಸಿರಾಡುತ್ತದೆ. ಅದು ಸಣ್ಣ ಮೀನುಗಳನ್ನು ತಿನ್ನುತ್ತದೆ. ಸಣ್ಣ ಮೀನು ನೀರುಚಿಗಟಗಳನ್ನು (ಚುಕ್ಕಿಯಷ್ಟು ಸಣ್ಣ ನೀರುಜೀವಿಗಳನ್ನು) ತಿನ್ನುತ್ತದೆ. ನೀರುಚಿಗಟ ಪಾಚಿಯನ್ನು ತಿನ್ನುತ್ತದೆ. ಒಳ್ಳೆ ರೇಟು ಸಿಗುತ್ತದೆ ಅಂತ ಕೊರಮೀನನ್ನೆಲ್ಲ ಹಿಡಿದು ಮುಗಿಸಿದರೆ ಸಣ್ಣ ಮೀನು ಹೆಚ್ಚಿ, ನೀರುಚಿಗಟ ಕಡಿಮೆಯಾಗಿ, ನೀರು ಇನ್ನಷ್ಟು ಹಸಿರಾಗುತ್ತದೆ. ಸಾಮಾನ್ಯ ಗೆಂಡೆ ಮೀನನ್ನು (ಕಾಮನ್ ಕಾರ್ಪ್) ಕೆರೆಗೆ ಬಿಟ್ಟರೆ ಅದು ತಳದ ಕೆಸರನ್ನು ಕೆದಕಿ ಕೆದಕಿ ನೀರನ್ನು ಬಗ್ಗಡ ಮಾಡುತ್ತದೆ. ಬೆಳಕು ತಳಕ್ಕೆ ಹೋಗದೆ ನೀರೊಳಗಿನ ಗಿಡಗಳು ಸಾಯುತ್ತವೆ. ಆ ಗಿಡಗಳು ಕೆಸರನ್ನು ಹಿಡಿದಿದ್ದವು, ಮೀನುಮರಿಗೆ ಅಡಗಲು ಜಾಗ ಕೊಟ್ಟಿದ್ದವು. ಒಂದು ಸಲ ಹೋದರೆ ತಿರುಗಿ ತರುವುದು ಬಹಳ ಕಷ್ಟ.

ಜಾಲಿ ಮರದ ಉತ್ತರ ಚಿಕ್ಕದು. ಬೇರಿಗೂ ಆಮ್ಲಜನಕ ಬೇಕು. ನೀರು ನಿಂತ ಮಣ್ಣಿನಲ್ಲಿ ಅದು ಸಿಗುವುದಿಲ್ಲ. ಕರಿಜಾಲಿ ಕೆಲವು ತಿಂಗಳು ತಡೆದುಕೊಳ್ಳುತ್ತದೆ, ಅದಕ್ಕೇ ಕೆರೆ ಅಂಗಳದಲ್ಲಿ ಅದನ್ನು ನೆಡುತ್ತಿದ್ದರು. ಬಿಡುವಿಲ್ಲದೆ ವರ್ಷಗಟ್ಟಲೆ ನಿಂತರೆ ತಡೆಯಲಾರದು. ಒಣಗಿದ ಮರಗಳನ್ನು ಕಡಿಸುವ ಅವಸರ ಬೇಡ. ನೀರುಕಾಗೆ, ಬೆಳ್ಳಕ್ಕಿಗಳಿಗೆ ಕೂರಲು ಅವು ಬೇಕು.

ಹಕ್ಕಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಆಳವೇ ಮುಖ್ಯ. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಈ ಕೊಕ್ಕರೆ ಮೀನನ್ನು ಕಣ್ಣಿನಿಂದ ನೋಡಿ ಹಿಡಿಯುವುದಕ್ಕಿಂತ ಮುಟ್ಟಿ ಹಿಡಿಯುವುದೇ ಹೆಚ್ಚು. ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸುತ್ತಾ ಹೋಗುತ್ತದೆ, ಏನಾದರೂ ತಾಗಿದ ಕೂಡಲೇ ಗಬಕ್ಕನೆ ಮುಚ್ಚುತ್ತದೆ. ಹಾಗೆ ನಡೆಯಲು ಅದರ ಕಾಲು ಮುಳುಗದಷ್ಟು ತೆಳು ನೀರು ಬೇಕು, ಆ ತೆಳು ನೀರಿನಲ್ಲಿ ಮೀನು ಒತ್ತೊತ್ತಾಗಿ ಇರಬೇಕು. ಕೆರೆ ಬತ್ತುತ್ತಾ ಬರುವಾಗ ಎರಡೂ ಒಟ್ಟಿಗೆ ಆಗುತ್ತದೆ. ಸದಾ ಕೋಡಿ ಮಟ್ಟದಲ್ಲಿರುವ ಕೆರೆಯಲ್ಲಿ ಆಗುವುದಿಲ್ಲ. ಅಲ್ಲಿ ಮುಳುಗಿ ಹಿಡಿಯುವ ನೀರುಕಾಗೆಗಳದ್ದೇ ರಾಜ್ಯ. ಕಗ್ಗಲಡುವಿನಲ್ಲಿ ಇನ್ನೊಂದು ಅಂಶವೂ ಇದೆ, ಯಾವ ಪಟ್ಟಿಗೆ ಸೇರಿಸುತ್ತೀರೋ ನೋಡಿ: ಊರಿನವರು ಹಕ್ಕಿಗಳನ್ನು ಓಡಿಸುವುದಿಲ್ಲ.

ಆಳದ ಮಾತು ಬಂದಿದ್ದಕ್ಕೆ ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ತಂದು ಕೆರೆಯನ್ನು ತೊಟ್ಟಿ ತೋಡಿದ ಹಾಗೆ ತೋಡುತ್ತಾರೆ. ದಡ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನಿಧಾನವಾಗಿ ಇಳಿಯುವ ದಡವೇ ಕೆರೆಯ ಅರ್ಧ ಜೀವ. ಜೊಂಡು, ಕಪ್ಪೆ, ಉದ್ದಕಾಲಿನ ಹಕ್ಕಿ, ಏರೋಪ್ಲೇನ್ ಚಿಟ್ಟೆಯ ಮರಿ, ಎಲ್ಲ ಇರುವುದು ಆ ಮೊಣಕಾಲುದ್ದದ ನೀರಿನಲ್ಲಿ. ಲೆಕ್ಕದ ಪುಸ್ತಕದಲ್ಲಿ ನೀರು ಹಿಡಿಯುವ ಸಾಮರ್ಥ್ಯ ಹೆಚ್ಚಾಗುತ್ತದೆ, ಜೀವ ಕಡಿಮೆಯಾಗುತ್ತದೆ.

ಹಳೆಯ ಕೆರೆಯಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಬೇಸಿಗೆಯಲ್ಲಿ ತಳ ಒಣಗಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಗೋಡು ಮಣ್ಣು ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಅದರ ಜೊತೆಗೆ ಕೆರೆಯ ರಂಜಕವೂ ಹೊಲಕ್ಕೆ ಹೋಗುತ್ತಿತ್ತು. ಬೆಳೆಗೆ ಗೊಬ್ಬರ, ಕೆರೆಗೆ ಸ್ನಾನ. ಈಗ ರಂಜಕ ಬರುತ್ತಲೇ ಇದೆ, ಹೊರಗೆ ಹೋಗುವ ದಾರಿ ಮುಚ್ಚಿದೆ. ತಳದ ಕೆಸರಿನಲ್ಲಿ ಕಬ್ಬಿಣದ ಅಂಶ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮ್ಲಜನಕ ಇರುವತನಕ. ಆಮ್ಲಜನಕ ತಳದಲ್ಲಿ ಮುಗಿದರೆ ಹಿಡಿದದ್ದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ನಾಳೆಯಿಂದಲೇ ಶುದ್ಧ ನೀರು ಬಂದರೂ ಕೆರೆ ಕೆಲವು ವರ್ಷ ಹಸಿರಾಗೇ ಇರಬಹುದು. ಒಳಗಿನ ಸಾಲ ತೀರಬೇಕಲ್ಲ.

ಹಾಗಂತ ಈ ನೀರು ಬೇಡ ಅಂತ ನಾನು ಹೇಳುತ್ತಿಲ್ಲ. ಸಾವಿರ ಅಡಿ ದಾಟಿ ಕೊರೆಸಿದರೂ ಬರೀ ಧೂಳು ಬಂದ ಬೋರ್‌ವೆಲ್‌ಗಳ ಜಿಲ್ಲೆ ಇದು. ಕೆರೆ ತುಂಬಿದ ಮೇಲೆ ಸುತ್ತಲ ಬೋರ್‌ವೆಲ್‌ಗಳಿಗೆ ಜೀವ ಬಂತು ಅಂದರೆ ರೈತನಿಗೆ ಅದೇ ದೊಡ್ಡದು. ಉಳಿದ ಸಾರಜನಕ, ರಂಜಕವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡಬಾರದು. ಅದರ ಜೊತೆಗೆ ಊರಿನ ಮಟ್ಟದಲ್ಲೂ ಆಗಬಹುದಾದ ಕೆಲಸಗಳಿವೆ. ಸರಪಳಿಯಲ್ಲಿ ಮೊದಲು ಬರುವ ಕೆರೆ ಗೊಬ್ಬರದ ದೊಡ್ಡ ಪಾಲನ್ನು ನುಂಗುತ್ತದೆ, ಕೆಳಗಿನ ಕೆರೆಗೆ ಹೋಗುವ ನೀರು ಸ್ವಲ್ಪ ವಾಸಿ. ಪಕ್ಕದೂರಿನ ಕೆರೆ ನಿಮ್ಮದಕ್ಕಿಂತ ಚೆನ್ನಾಗಿ ಕಂಡರೆ ಅದು ಸರಪಳಿಯಲ್ಲಿ ಎಷ್ಟನೆಯದು ಅಂತ ಮೊದಲು ವಿಚಾರಿಸಿ. ಕೆಳಗಿನ ಕೆರೆಗಳಲ್ಲಿ ಒಂದೊಂದನ್ನು ಸರದಿಯ ಮೇಲೆ, ಮಾರ್ಚಿಯಿಂದ ಮುಂಗಾರಿನವರೆಗೆ ಒಣಗಲು ಬಿಡಬಹುದು. ತೂಬು ರಿಪೇರಿಯಾಗಬೇಕು, ಹಿಂದೆ ಕೆರೆ ನೀರು ಬಿಡುತ್ತಿದ್ದ ನೀರುಗಂಟಿಯ ಕೆಲಸವನ್ನು ಯಾರಾದರೂ ಹೊತ್ತುಕೊಳ್ಳಬೇಕು, ಮೀನು ಹರಾಜು ಹಿಡಿದವರು ಒಪ್ಪಬೇಕು. ಸುಲಭವಲ್ಲ, ಗೊತ್ತು. ಒಣಗಿಸಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಒಣಗಿದ ತಳಕ್ಕೆ ಮತ್ತೆ ನೀರು ಬಂದಾಗ ಗೊಬ್ಬರದ ಒಂದು ಅಲೆ ಏಳುತ್ತದೆ. ಅಂತರಗಂಗೆ ಕಳೆ (ನೀರಿನ ಮೇಲೆ ತೇಲಿ ಹಬ್ಬುವ ಗಿಡ) ಇದ್ದ ಕೆರೆಯಾದರೆ ಕೆಸರಿನಲ್ಲಿ ವರ್ಷಗಟ್ಟಲೆ ಕಾದಿದ್ದ ಅದರ ಬೀಜ ತೇವ ಕಂಡು ಮೊಳೆಯುತ್ತದೆ. ಗೋಡು ಎತ್ತಿದರೆ, ಮೊಳಕೆಯನ್ನು ಆಗಲೇ ಕಿತ್ತರೆ ಮಾತ್ರ ಒಣಗಿಸಿದ್ದಕ್ಕೆ ಫಲ.

ಪೇಂಟ್ ಚೆಲ್ಲಿದ ಹಾಗೆ ದಪ್ಪ ಹಸಿರು ಕೆನೆ ದಡಕ್ಕೆ ಬಂದು ನಿಂತಿದ್ದರೆ ದನ, ಕುರಿಗಳಿಗೆ ಆ ನೀರು ಕುಡಿಸಬೇಡಿ. ಅದು ನೀಲಿ-ಹಸಿರು ಪಾಚಿ ಆಗಿರಬಹುದು. ಅದರಲ್ಲಿ ಕೆಲವು ಜಾತಿ ಈಲಿಗೆ, ನರಕ್ಕೆ ವಿಷವಾಗುವ ಪದಾರ್ಥ ಬಿಡುತ್ತವೆ.

ಇನ್ನು ತರಗತಿಗೆ. ಒಂದು ಹಳೆ ಸ್ಟೀಲ್ ತಟ್ಟೆಗೆ ಬಿಳಿ ಬಣ್ಣ ಬಳಿದು, ಮಧ್ಯೆ ತೂತು ಮಾಡಿ, ಗಂಟು ಹಾಕಿ ಅಳತೆ ಗುರುತಿಸಿದ ಹಗ್ಗ ಕಟ್ಟಿ. ತೂಬಿನ ಕಟ್ಟೆಯ ಮೇಲಿನಿಂದ ನೀವೇ ಇಳಿಬಿಡಿ. ತಟ್ಟೆ ಎಷ್ಟು ಆಳದಲ್ಲಿ ಕಣ್ಮರೆಯಾಯಿತು ಅಂತ ಮಕ್ಕಳು ಬರೆದುಕೊಳ್ಳಲಿ. ಬೆಳಕು ಎಲ್ಲಿಯತನಕ ಹೋಗುತ್ತದೆ ಅನ್ನುವುದಕ್ಕೆ ಇಷ್ಟು ಸಾಕು. ಮೀನು ಸಾಕುವವರು ಬಳಸುವ ಆಮ್ಲಜನಕ ಅಳೆಯುವ ಕಿಟ್ ಸಿಕ್ಕರೆ ಬೆಳಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಅಳೆಯಿರಿ, ಪಿಎಚ್ ಕಾಗದವನ್ನೂ ಅದೇ ಹೊತ್ತಿಗೆ ಅದ್ದಿ. ಎರಡು ಹೊತ್ತಿನ ಅಂತರ ದೊಡ್ಡದಿದ್ದಷ್ಟೂ ಪಾಚಿಯ ಕಾರುಬಾರು ಜಾಸ್ತಿ ಅಂತ ಲೆಕ್ಕ. ಮಕ್ಕಳನ್ನು ಮಾತ್ರ ನೀರಿಗೆ ಇಳಿಸಬೇಡಿ. ಹೂಳೆತ್ತಿದ ಕೆರೆಯಲ್ಲಿ ಗುಂಡಿ ಎಲ್ಲಿದೆ ಅಂತ ಊರವರಿಗೂ ಗೊತ್ತಿರುವುದಿಲ್ಲ.

ಕಪ್ಪೆ ಕೇಳಿದ ಹುಡುಗನಿಗೆ ಬೇರೆ ಕೆಲಸ ಕೊಡಿ. ಊರ ಸುತ್ತ ಎಷ್ಟು ಕುಂಟೆ, ಗೋಕಟ್ಟೆ, ಬಂಡೆ ಹೊಂಡ ಇವೆ ಅಂತ ಒಂದು ನಕ್ಷೆ ಬರೆಯಲಿ. ಮುಂಗಾರಿನ ಮೊದಲ ಜೋರು ಮಳೆಯಾದ ರಾತ್ರಿ, ಮನೆಯ ದೊಡ್ಡವರ ಜೊತೆ, ಯಾವ ಕಡೆಯಿಂದ ಕೂಗು ಕೇಳುತ್ತದೆ ಅಂತ ಗುರುತು ಹಾಕಲಿ. ಅಜ್ಜಿಯ ಕಪ್ಪೆಗಳಲ್ಲಿ ಒಂದಿಷ್ಟು ಆ ಕುಂಟೆಗಳಲ್ಲಿ ಇನ್ನೂ ಇರುವ ಸಾಧ್ಯತೆ ಚೆನ್ನಾಗಿದೆ. ಇದ್ದರೆ, ಆ ಕುಂಟೆಗೆ ಯಾರೂ ಮಣ್ಣು ಸುರಿಯದ ಹಾಗೆ, ಮೀನುಮರಿ ಬಿಡದ ಹಾಗೆ ನೋಡಿಕೊಳ್ಳಿ ಅಂತ ಪಂಚಾಯಿತಿಗೆ ಮಕ್ಕಳ ಕೈಯಲ್ಲೇ ಒಂದು ಅರ್ಜಿ ಬರೆಸಿ, ನಕ್ಷೆಯನ್ನೂ ಅದಕ್ಕೆ ಲಗತ್ತಿಸಿ.